ಅಲೆಕ್ಸಾಂಡರನ ದಂಡು, ಪರ್ಷಿಯದ ದಾರಿ



ಕ್ರಿ.ಪೂ. 334ರ ವಸಂತದಲ್ಲಿ, ಇಪ್ಪತ್ತೆರಡು ಇನ್ನೂ ತುಂಬದ ಮ್ಯಾಸಿಡೋನಿಯದ ಅರಸನೊಬ್ಬ ಹೆಲೆಸ್ಪಾಂಟ್ ಜಲಸಂಧಿಯನ್ನು ದಾಟಿ ಏಷ್ಯಾದ ನೆಲಕ್ಕೆ ಇಳಿದ. ಅವನ ಜತೆಗಿದ್ದದ್ದು ಸುಮಾರು 32,000 ಕಾಲಾಳು, 5,000 ಕುದುರೆ ಸವಾರರು. ಪ್ಲುಟಾರ್ಕ್ ಸಂಗ್ರಹಿಸಿ ಕೊಡುವ ಹೇಳಿಕೆಗಳನ್ನು ನಂಬುವುದಾದರೆ ದಂಡಿಗೆ ಮೂವತ್ತು ದಿನಕ್ಕೆ ಸಾಲುವಷ್ಟು ದವಸವಿತ್ತು, ಬೊಕ್ಕಸದಲ್ಲಿ 70 ಟ್ಯಾಲೆಂಟ್ ಹಣವಿತ್ತು, ತಲೆಯ ಮೇಲೆ 200 ಟ್ಯಾಲೆಂಟ್ ಸಾಲವಿತ್ತು. ಎದುರಿಗಿದ್ದದ್ದು ಈಜಿಯನ್ ಕಡಲಿನಿಂದ ಮಧ್ಯ ಏಷ್ಯಾದವರೆಗೆ, ನೈಲ್ ನದಿಯಿಂದ ಗಾಂಧಾರದ ಅಂಚಿನವರೆಗೆ ಹಬ್ಬಿದ್ದ, ಎರಡು ಶತಮಾನ ಬಾಳಿದ್ದ ಪರ್ಷಿಯನ್ ಸಾಮ್ರಾಜ್ಯ. ನಾಲ್ಕು ವರ್ಷ ತುಂಬುವ ಮೊದಲೇ ಬ್ಯಾಬಿಲಾನ್, ಸೂಸಾ, ಪರ್ಸೆಪೊಲಿಸ್ ಮೂರೂ ಅವನ ಕೈಸೇರಿದ್ದವು. ಇದು ಹೇಗಾಯಿತು ಎಂಬ ಪ್ರಶ್ನೆಗೆ ಎರಡು ಸಾವಿರ ವರ್ಷಗಳಿಂದ ಒಂದೇ ಉತ್ತರ ಚಲಾವಣೆಯಲ್ಲಿದೆ: ಗ್ರೀಕರು ಸ್ವತಂತ್ರರು, ವಿಚಾರವಂತರು, ಕಟ್ಟುಮಸ್ತಾದವರು, ಪರ್ಷಿಯನ್ನರು ಭೋಗದಲ್ಲಿ ಮುಳುಗಿ ಒಳಗೇ ಕೊಳೆತುಹೋಗಿದ್ದವರು, ಒಂದು ದೂಡಿಗೆ ಉರುಳಿದರು. ಈ ಉತ್ತರ ತಪ್ಪು ಎಂಬುದೇ ನನ್ನ ಇಂದಿನ ವಾದ. ಪರ್ಷಿಯದ ರಾಜ್ಯವ್ಯವಸ್ಥೆ ಕೊಳೆತಿರಲಿಲ್ಲ, ಚೆನ್ನಾಗಿಯೇ ನಡೆಯುತ್ತಿತ್ತು. ಅದು ನಡೆಯುತ್ತಿದ್ದುದರಿಂದಲೇ ಅಲೆಕ್ಸಾಂಡರನಿಗೆ ಅದನ್ನು ಅಷ್ಟು ಬೇಗ ವಶಪಡಿಸಿಕೊಳ್ಳಲು ಸಾಧ್ಯವಾಯಿತು. ತಿರುಗುತ್ತಿದ್ದ ಗಾಣಕ್ಕೆ ಯಜಮಾನ ಬದಲಾದ. ಗಾಣವೂ ಎತ್ತೂ ಹಳೆಯವೇ ಉಳಿದವು.

ಮೊದಲು ಸಾಕ್ಷ್ಯದ ಮಾತು. ಅಲೆಕ್ಸಾಂಡರನ ಕಥೆಯನ್ನು ನಮಗೆ ಹೇಳುವ ಡಿಯೊಡೋರಸ್, ಕರ್ಟಿಯಸ್, ಪ್ಲುಟಾರ್ಕ್, ಏರಿಯನ್ ಇವರೆಲ್ಲ ಅವನು ಸತ್ತು ಮುನ್ನೂರು, ನಾನೂರು ವರ್ಷಗಳ ಮೇಲೆ ರೋಮನ್ನರ ಕಾಲದಲ್ಲಿ ಬರೆದವರು. ಅವರ ಮುಂದೆ ಹಳೆಯ ಗ್ರಂಥಗಳಿದ್ದವು, ನಿಜ. ಏರಿಯನ್ ತಾನು ಟಾಲೆಮಿ ಮತ್ತು ಅರಿಸ್ಟೊಬುಲಸ್‌ರನ್ನು ಅನುಸರಿಸಿದೆನೆಂದು ಹೇಳುತ್ತಾನೆ. ಆದರೆ ಆ ಇಬ್ಬರೂ ಗೆದ್ದ ದಂಡಿನವರು. ಪರ್ಷಿಯನ್ನರ ಕಡೆಯಿಂದ ಇಂಥ ಕಥನ ಗ್ರಂಥ ಒಂದೂ ಉಳಿದಿಲ್ಲ. ಪರ್ಷಿಯ ಕೊಳೆತುಹೋಗಿತ್ತು ಎಂಬ ಮಾತಿನ ಬೇರು ಇನ್ನೂ ಹಿಂದಕ್ಕೆ, ಕ್ರಿ.ಪೂ. ನಾಲ್ಕನೆಯ ಶತಮಾನದ ಅಥೆನ್ಸಿಗೆ ಹೋಗುತ್ತದೆ. ಐಸೊಕ್ರಟೀಸ್ ತನ್ನ ಭಾಷಣಗಳಲ್ಲಿ ಪರ್ಷಿಯನ್ನರನ್ನು ಹೆದರುಪುಕ್ಕಲರೆಂದು ಬಣ್ಣಿಸಿದ. ಗ್ರೀಕ್ ನಗರಗಳು ತಮ್ಮ ತಮ್ಮಲ್ಲಿ ಕಾದಾಡುವುದನ್ನು ಬಿಟ್ಟು ಪೂರ್ವಕ್ಕೆ ದಂಡೆತ್ತಿ ಹೋಗಬೇಕು, ಅಲ್ಲಿ ಭೂಮಿ ಇಲ್ಲದ ಗ್ರೀಕರಿಗೆ ಭೂಮಿ ಸಿಗುತ್ತದೆ ಎಂಬುದು ಅವನ ರಾಜಕೀಯ. 346ರಲ್ಲಿ ಅವನು ಇದೇ ಮಾತನ್ನು ಅಲೆಕ್ಸಾಂಡರನ ತಂದೆ ಫಿಲಿಪ್‌ನಿಗೆ ಬಹಿರಂಗ ಪತ್ರವಾಗಿ ಬರೆದ. ದಂಡಯಾತ್ರೆಗೆ ಜನರನ್ನು ಹುರಿದುಂಬಿಸಲು ಆಡಿದ ಮಾತನ್ನು ಎದುರಾಳಿಯ ರಾಜ್ಯದ ಪರೀಕ್ಷಾ ವರದಿ ಎಂದು ಓದುವುದು ಇತಿಹಾಸಕಾರನಿಗೆ ತಕ್ಕುದಲ್ಲ.

ಹಾಗಾದರೆ ಪರ್ಷಿಯನ್ನರನ್ನು ಅವರದೇ ಕಾಗದಪತ್ರಗಳಿಂದ ಅರಿಯಲು ಸಾಧ್ಯವೆ? ಸಾಧ್ಯ. 1933ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ತಂಡ ಅರ್ನ್ಸ್ಟ್ ಹರ್ಟ್ಸ್‌ಫೆಲ್ಡ್ ಅವರ ನೇತೃತ್ವದಲ್ಲಿ ಪರ್ಸೆಪೊಲಿಸ್‌ನಲ್ಲಿ ಉತ್ಖನನ ನಡೆಸುತ್ತಿದ್ದಾಗ ಕೋಟೆಗೋಡೆಯ ಒಳಕೋಣೆಗಳಲ್ಲಿ ಸಾವಿರಾರು ಜೇಡಿಮಣ್ಣಿನ ಹಲಗೆಗಳು ಸಿಕ್ಕವು. ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟವು, ಹೆಚ್ಚಿನವು ಎಲಾಮೈಟ್ ಭಾಷೆಯವು, ಕ್ರಿ.ಪೂ. 509ರಿಂದ 493ರವರೆಗಿನವು, ಅಂದರೆ ಮೊದಲನೆಯ ಡೇರಿಯಸ್‌ನ ಕಾಲದವು. ಇವುಗಳಲ್ಲಿ ರಾಜರ ಹೊಗಳಿಕೆಯಿಲ್ಲ, ಯುದ್ಧದ ವರ್ಣನೆಯಿಲ್ಲ. ಇರುವುದೆಲ್ಲ ಉಗ್ರಾಣದ ಲೆಕ್ಕ. ಯಾವ ಊರಿನ ಉಗ್ರಾಣದಿಂದ ಯಾರಿಗೆ, ಯಾರ ಮುದ್ರೆಯ ಮೇಲೆ, ಎಷ್ಟು ಹಿಟ್ಟು, ಎಷ್ಟು ಜವೆ, ಎಷ್ಟು ದ್ರಾಕ್ಷಾರಸ ಕೊಡಲಾಯಿತು ಎಂಬ ಬರಹ. ಸಾಮಾನ್ಯ ಗಂಡಾಳಿಗೆ ತಿಂಗಳಿಗೆ ಸುಮಾರು 30 ಲೀಟರ್ ಜವೆ. ಕೆಲಸಗಾರ ಹೆಂಗಸರ ಗುಂಪಿನ ಮೇಲ್ವಿಚಾರಕಿಗೆ ಅದಕ್ಕಿಂತ ಹೆಚ್ಚು, ಜತೆಗೆ ದ್ರಾಕ್ಷಾರಸ, ಮಾಂಸದ ಪಾಲು. ಹೆರಿಗೆಯಾದ ಕೆಲಸಗಾರ್ತಿಗೆ ವಿಶೇಷ ಪಡಿ. ಗಂಡು ಹುಟ್ಟಿದರೆ ಕೊಡುವುದರ ಅರ್ಧ ಹೆಣ್ಣು ಹುಟ್ಟಿದರೆ. ಇಡೀ ವ್ಯವಸ್ಥೆಯ ಮೇಲಧಿಕಾರಿ ಪರ್ನಕ್ಕನಿಗೆ ದಿನವೊಂದಕ್ಕೆ ಎರಡು ಕುರಿ, ಸುಮಾರು 90 ಲೀಟರ್ ದ್ರಾಕ್ಷಾರಸ, 180 ಲೀಟರ್ ಹಿಟ್ಟು; ಅವನ ಪರಿವಾರದ ಊಟವೂ ಇದರಲ್ಲೇ ಸೇರಿರಬೇಕು. ದಾರಿಯಲ್ಲಿ ಹೋಗುವ ಸರ್ಕಾರಿ ಪಯಣಿಗನ ಕೈಯಲ್ಲಿ ಮುದ್ರೆಯೊತ್ತಿದ ಓಲೆ ಇರುತ್ತಿತ್ತು. ಅದನ್ನು ತೋರಿಸಿದರೆ ಒಂದು ತಂಗುದಾಣದಿಂದ ಇನ್ನೊಂದಕ್ಕೆ ಪಡಿ ಸಿಗುತ್ತಿತ್ತು. ಹಿಂದುಷ್, ಎಂದರೆ ಸಿಂಧೂ ಪ್ರಾಂತ್ಯದಿಂದ ಬಂದುಹೋಗುವ ಪಯಣಿಗರ ಲೆಕ್ಕಗಳೂ ಈ ಹಲಗೆಗಳಲ್ಲಿ ಇವೆ. ಒಂದು ಹಲಗೆಯನ್ನು ಗ್ರೀಕ್ ಭಾಷೆಯಲ್ಲಿ ಬರೆಯಲಾಗಿದೆ. ಅದರಲ್ಲಿರುವುದು ದ್ರಾಕ್ಷಾರಸದ ಅಳತೆ ಮತ್ತು ತಿಂಗಳ ಹೆಸರು, ಅಷ್ಟೆ. ಪರ್ಸೆಪೊಲಿಸ್‌ನ ಕಚೇರಿಯಲ್ಲಿ ಗ್ರೀಕ್‌ನಲ್ಲಿ ಲೆಕ್ಕ ಬರೆದರೂ ನಡೆಯುತ್ತಿತ್ತು ಎಂಬ ಸಂಗತಿ ನನಗೆ ಮ್ಯಾರಥಾನ್ ಯುದ್ಧದಷ್ಟೇ ಮುಖ್ಯವಾಗಿ ಕಾಣುತ್ತದೆ.

ಇದೇ ವ್ಯವಸ್ಥೆಯ ಹೊರಮೈಯನ್ನು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಕಂಡರಿಸಿದ್ದಾನೆ. ಸಾರ್ಡಿಸ್‌ನಿಂದ ಸೂಸಾದವರೆಗಿನ ರಾಜಮಾರ್ಗದಲ್ಲಿ 111 ತಂಗುದಾಣಗಳು, ನಡೆದರೆ 90 ದಿನದ ದಾರಿ ಎಂದು ಅವನ ಲೆಕ್ಕ. ಸೂಸಾದಲ್ಲಿ ಅರಮನೆ ಕಟ್ಟಿಸಿದ ಡೇರಿಯಸ್ ತನ್ನ ಶಾಸನದಲ್ಲಿ ಸಾಮಗ್ರಿ ಎಲ್ಲೆಲ್ಲಿಂದ ಬಂತು, ಯಾರು ಯಾರು ಕೆಲಸ ಮಾಡಿದರು ಎಂಬುದನ್ನು ಹೆಸರಿಟ್ಟು ಹೇಳುತ್ತಾನೆ: ಇಟ್ಟಿಗೆ ಬ್ಯಾಬಿಲಾನಿನವರದು, ಕಲ್ಲುಕೆಲಸ ಅಯೋನಿಯದ ಗ್ರೀಕರದು, ಚಿನ್ನದ ಕೆಲಸ ಮೀಡರು ಮತ್ತು ಈಜಿಪ್ಟಿನವರದು, ದಂತ ಬಂದದ್ದು ಹಿಂದುಷ್ ಮತ್ತಿತರ ಕಡೆಗಳಿಂದ. ಪರ್ಸೆಪೊಲಿಸ್‌ನ ಅಪದಾನ ಸಭಾಮಂಟಪದ ಮೆಟ್ಟಿಲ ಪಕ್ಕದ ಉಬ್ಬುಶಿಲ್ಪದಲ್ಲಿ ಸಾಮ್ರಾಜ್ಯದ 23 ಜನಾಂಗಗಳ ಪ್ರತಿನಿಧಿಗಳು ಕಾಣಿಕೆ ಹೊತ್ತು ಸಾಲಾಗಿ ಬರುತ್ತಾರೆ. ಭಾರತದ ಸಾಲಿನಲ್ಲಿ ಬರಿ ಮೈಯಲ್ಲಿ, ಸೊಂಟಕ್ಕೆ ಬಟ್ಟೆ ಸುತ್ತಿದ ಒಬ್ಬ ಹೆಗಲ ಮೇಲೆ ಅಡ್ಡೆ ಹೊತ್ತಿದ್ದಾನೆ; ಎರಡೂ ಬದಿ ಬುಟ್ಟಿ, ಬುಟ್ಟಿಯಲ್ಲಿ ಸಣ್ಣ ಪಾತ್ರೆಗಳು. ಅವುಗಳಲ್ಲಿ ಇರುವುದು ಚಿನ್ನದ ಹುಡಿ ಎಂದು ವಿದ್ವಾಂಸರ ಊಹೆ. ಭಾರತೀಯರು ಚಿನ್ನದ ಹುಡಿಯನ್ನೇ ಕಪ್ಪವಾಗಿ ಕೊಡುತ್ತಿದ್ದರೆಂದು ಹೆರೊಡೋಟಸ್ ಬರೆದಿರುವುದಕ್ಕೆ ಅದು ಹೊಂದಿಕೊಳ್ಳುತ್ತದೆ. ಈ ಉದ್ದನೆಯ ಸಾಲಿನಲ್ಲಿ ಯಾರಿಗೂ ಸಂಕೋಲೆಯಿಲ್ಲ, ಯಾರೂ ನೆಲಕ್ಕೆ ಬಿದ್ದಿಲ್ಲ. ಅಸ್ಸೀರಿಯದ ಅರಸರ ಗೋಡೆಗಳ ಮೇಲೆ ಕೊಲೆ, ಸುಲಿಗೆಗಳ ಚಿತ್ರಗಳನ್ನು ನೋಡಿದವರಿಗೆ ಈ ವ್ಯತ್ಯಾಸ ತಟ್ಟನೆ ಕಾಣುತ್ತದೆ. ಇದು ಸಾಮ್ರಾಜ್ಯ ತನ್ನ ಬಗ್ಗೆ ತಾನೇ ಹೇಳಿಕೊಂಡ ಮಾತು, ಒಪ್ಪುತ್ತೇನೆ. ಆದರೆ ಒಂದು ರಾಜ್ಯ ತಾನು ಹೇಗೆ ಕಾಣಿಸಬೇಕೆಂದು ಬಯಸುತ್ತದೆ ಎಂಬುದೂ ಅದರ ಸಂಸ್ಕೃತಿಯ ಭಾಗವೇ.

ಗ್ರೀಕರು ಈ ಜಗತ್ತಿನ ಹೊರಗೆ ನಿಂತು ಅದನ್ನು ಎದುರಿಸಿದವರು ಎಂಬ ಚಿತ್ರವೂ ಅರ್ಧ ಸತ್ಯ. 490ರ ಮ್ಯಾರಥಾನ್, 480ರ ಸಲಾಮಿಸ್, 479ರ ಪ್ಲಟಿಯ ಕದನಗಳ ಹಿರಿಮೆಯನ್ನು ನಾನು ಕಿರಿದು ಮಾಡುವುದಿಲ್ಲ. ಸಣ್ಣ ನಗರಗಳ ಒಕ್ಕೂಟವೊಂದು ಅಂಥ ದೊಡ್ಡ ದಂಡನ್ನು ಹಿಮ್ಮೆಟ್ಟಿಸಿದ್ದು ಎಲ್ಲ ಕಾಲಕ್ಕೂ ದೊಡ್ಡ ಸಂಗತಿ. ಆದರೆ ಸಲಾಮಿಸ್ ಗೆಲುವಿನ ಶಿಲ್ಪಿ ಥೆಮಿಸ್ಟೊಕ್ಲೀಸ್ ಊರವರಿಂದ ಬಹಿಷ್ಕೃತನಾಗಿ ಕೊನೆಗೆ ಬಾಳಿದ್ದು ಪರ್ಷಿಯದ ಅರಸ ಕೊಟ್ಟ ಮಗ್ನೀಸಿಯದ ಅಧಿಕಾರದಲ್ಲಿ. ಪೆಲೊಪೊನೀಸಿಯನ್ ಯುದ್ಧದಲ್ಲಿ ಸ್ಪಾರ್ಟ ಅಥೆನ್ಸನ್ನು ಮಣಿಸಿದ್ದು ಪರ್ಷಿಯದ ಹಣದಿಂದ ಕಟ್ಟಿದ ನೌಕಾಬಲದ ಮೇಲೆ. ಕ್ರಿ.ಪೂ. 387-86ರಲ್ಲಿ ಗ್ರೀಕ್ ನಗರಗಳ ನಡುವಣ ಶಾಂತಿಯ ಕರಾರನ್ನು ಬರೆದುಕೊಟ್ಟವನು ಎರಡನೆಯ ಅರ್ಟಕ್ಸರ್ಕ್ಸಿಸ್. ಅಲೆಕ್ಸಾಂಡರ್ ಏಷ್ಯಾಕ್ಕೆ ಇಳಿದಾಗ ಅವನನ್ನು ಮೊದಲು ಎದುರಿಸಿದವರಲ್ಲಿ ರೋಡ್ಸ್ ದ್ವೀಪದ ಮೆಮ್ನನ್ ಇದ್ದ, ಸಾವಿರಾರು ಗ್ರೀಕ್ ಕೂಲಿಸೈನಿಕರು ಇದ್ದರು. ಗ್ರೀಕರ ಪರವಾಗಿ ಸೇಡು ತೀರಿಸಲು ಹೊರಟೆನೆಂದು ಸಾರಿದ ಈ ಅರಸ, ಹೊರಡುವ ಹಿಂದಿನ ವರ್ಷ, 335ರಲ್ಲಿ, ಥೀಬ್ಸ್ ಎಂಬ ಪುರಾತನ ಗ್ರೀಕ್ ನಗರವನ್ನು ನೆಲಸಮ ಮಾಡಿಸಿದ. 6,000 ಜನ ಸತ್ತರು, 30,000 ಜನ ಗುಲಾಮರಾಗಿ ಮಾರಾಟವಾದರು ಎಂದು ಪ್ರಾಚೀನ ಲೇಖಕರೇ ದಾಖಲಿಸಿದ್ದಾರೆ.

ಇಲ್ಲಿ ಮ್ಯಾಸಿಡೋನಿಯನ್ನರು ಯಾರು ಎಂಬ ಪ್ರಶ್ನೆ ಏಳುತ್ತದೆ. ಈ ಪ್ರಶ್ನೆ ನಮ್ಮ ಕಾಲದಲ್ಲಿ ಎರಡು ದೇಶಗಳ ನಡುವೆ ಜಗಳಕ್ಕೆ ಕಾರಣವಾಗಿ, 2018ರ ಪ್ರೆಸ್ಪ ಒಪ್ಪಂದದಂತೆ ಒಂದು ದೇಶ ತನ್ನ ಹೆಸರನ್ನೇ ಉತ್ತರ ಮ್ಯಾಸಿಡೋನಿಯ ಎಂದು ಬದಲಿಸಿಕೊಳ್ಳುವಲ್ಲಿಗೆ ಮುಟ್ಟಿತು. ಪ್ರಾಚೀನರಲ್ಲಿಯೂ ಒಮ್ಮತವಿರಲಿಲ್ಲ. ಮ್ಯಾಸಿಡೋನಿಯದ ಮೊದಲನೆಯ ಅಲೆಕ್ಸಾಂಡರ್ ಒಲಿಂಪಿಯದ ಪಂದ್ಯಕ್ಕೆ ಬಂದಾಗ ನೀನು ಗ್ರೀಕನಲ್ಲವೆಂದು ಉಳಿದ ಸ್ಪರ್ಧಿಗಳು ತಡೆದರು. ತನ್ನ ವಂಶ ಆರ್ಗಾಸ್ ನಗರದ್ದೆಂದು ಸಾಧಿಸಿದ ಮೇಲೆ ಬಿಟ್ಟರು ಎಂದು ಹೆರೊಡೋಟಸ್ ಹೇಳುತ್ತಾನೆ. ಅಥೆನ್ಸಿನ ವಾಗ್ಮಿ ಡೆಮೊಸ್ತನೀಸನಂತೂ ಫಿಲಿಪ್‌ನನ್ನು ಗ್ರೀಕನೆಂದು ಒಪ್ಪುವುದಿರಲಿ, ಮರ್ಯಾದಸ್ಥ ನಾಡಿನ ಬರ್ಬರನೆಂದೂ ಒಪ್ಪಲಿಲ್ಲ. ಭಾಷೆಯ ಮಟ್ಟಿಗೆ ಈಗ ನಮ್ಮ ಬಳಿ ಒಳ್ಳೆಯ ಸಾಕ್ಷ್ಯವಿದೆ. 1986ರಲ್ಲಿ ಮ್ಯಾಸಿಡೋನಿಯದ ರಾಜಧಾನಿ ಪೆಲ್ಲಾದ ಸಮಾಧಿಯೊಂದರಲ್ಲಿ ಸುರುಳಿ ಸುತ್ತಿದ ಸೀಸದ ತಗಡು ಸಿಕ್ಕಿತು. ಹೆಂಗಸೊಬ್ಬಳು ಮಾಡಿಸಿದ ಮಾಟದ ಬರಹ ಅದು: ಡಯೊನಿಸೊಫಾನ್ ಥೆಟಿಮಳನ್ನು ಮದುವೆಯಾಗಬಾರದು, ಬೇರೆ ಯಾವ ಹೆಣ್ಣನ್ನೂ ಆಗಬಾರದು, ತನ್ನೊಡನೆಯೇ ಮುದುಕನಾಗಬೇಕು ಎಂದು ಬೇಡಿಕೊಂಡಿದ್ದಾಳೆ. ಕ್ರಿ.ಪೂ. ನಾಲ್ಕನೆಯ ಶತಮಾನದ ಈ ಬರಹ ಗ್ರೀಕ್‌ನ ವಾಯವ್ಯ ಉಪಭಾಷೆಯಲ್ಲಿದೆ. ಅರಮನೆಯವರು ಮೆರುಗಿಗೆ ಕಲಿತ ಅಥೆನ್ಸಿನ ಗ್ರೀಕ್ ಅಲ್ಲ ಇದು, ಸಾಮಾನ್ಯ ಹೆಣ್ಣುಮಗಳ ಸಂಕಟದ ಮಾತು. ಆದ್ದರಿಂದ ಅವರ ನುಡಿ ಗ್ರೀಕ್‌ನ ಒಂದು ಬಗೆ ಎನ್ನುವುದೇ ನನಗೆ ಸರಿ ಅನ್ನಿಸುತ್ತದೆ. ಆದರೆ ನುಡಿಯೊಂದೇ ಜನಾಂಗದ ಪೂರ್ಣ ಪರಿಚಯವಲ್ಲ. ನಗರ ಸಭೆಗಳಲ್ಲಿ ಆಳ್ವಿಕೆ ನಡೆಸುತ್ತಿದ್ದ ಗ್ರೀಕರ ನಡುವೆ ಇವರು ಅರಸೊತ್ತಿಗೆಯವರು, ಕುದುರೆಯ ಮೇಲಿನ ಸರದಾರರ ನಾಡಿನವರು.

ನನ್ನ ವಾದಕ್ಕೆ ಇದಕ್ಕಿಂತ ಮುಖ್ಯವಾದ ಸಂಗತಿ, ಇದೇ ಮ್ಯಾಸಿಡೋನಿಯ ಒಂದು ಕಾಲಕ್ಕೆ ಪರ್ಷಿಯದ ಅಧೀನದಲ್ಲಿತ್ತು ಎಂಬುದು. ನಕ್ಷ್-ಇ-ರುಸ್ತಮ್‌ನಲ್ಲಿ ಡೇರಿಯಸ್‌ನ ಸಮಾಧಿಯ ಮೇಲಿನ ಶಾಸನ ಅವನ ಅಧೀನದ ನಾಡುಗಳನ್ನು ಪಟ್ಟಿ ಮಾಡುವಾಗ ಗುರಾಣಿಯಂಥ ಟೋಪಿ ಇಡುವ ಯವನರು ಎಂಬ ಒಂದು ಜನವನ್ನು ಹೆಸರಿಸುತ್ತದೆ; ಅಗಲ ಅಂಚಿನ ಟೋಪಿಯಿಡುವ ಈ ಜನ ಮ್ಯಾಸಿಡೋನಿಯನ್ನರೇ ಎಂದು ಹೆಚ್ಚಿನ ವಿದ್ವಾಂಸರು ಗುರುತಿಸುತ್ತಾರೆ. ಪಂದ್ಯದಲ್ಲಿ ಗ್ರೀಕನೆನ್ನಿಸಿಕೊಂಡ ಆ ಮೊದಲನೆಯ ಅಲೆಕ್ಸಾಂಡರ್ ತನ್ನ ತಂಗಿಯನ್ನು ಬುಬರೀಸ್ ಎಂಬ ಪರ್ಷಿಯನ್ ಸರದಾರನಿಗೆ ಕೊಟ್ಟಿದ್ದ, 479ರಲ್ಲಿ ಪರ್ಷಿಯದ ಸೇನಾಪತಿ ಮರ್ದೋನಿಯಸ್‌ನ ರಾಯಭಾರಿಯಾಗಿ ಅಥೆನ್ಸಿಗೆ ಹೋಗಿದ್ದ. ಫಿಲಿಪ್‌ನ ಕಾಲದಲ್ಲಿ ಪರ್ಷಿಯದ ಕ್ಷತ್ರಪ, ಎಂದರೆ ಪ್ರಾಂತಾಧಿಕಾರಿ, ಅರ್ಟಬಾಝಸ್ ತನ್ನ ಅರಸನ ವಿರುದ್ಧ ದಂಗೆಯೆದ್ದು ಸೋತು, ಮನೆಮಂದಿಯೊಂದಿಗೆ ಪೆಲ್ಲಾದ ಅರಮನೆಯಲ್ಲಿ ವರ್ಷಗಟ್ಟಲೆ ಆಶ್ರಯ ಪಡೆದಿದ್ದ. ಬಾಲಕ ಅಲೆಕ್ಸಾಂಡರ್ ಕಂಡ ಮೊದಲ ಪರ್ಷಿಯನ್ನರು ಇಂಥ ನೆಂಟರಂಥ ಅತಿಥಿಗಳೇ ಇದ್ದಿರಬೇಕು. ಮುಂದೆ ಇದೇ ಅರ್ಟಬಾಝಸ್‌ನನ್ನು ಅವನು ಬ್ಯಾಕ್ಟ್ರಿಯದ ಕ್ಷತ್ರಪನಾಗಿ ನೇಮಿಸಿದ. ಪರ್ಷಿಯ ಹೇಗೆ ನಡೆಯುತ್ತದೆ ಎಂಬುದು ಮ್ಯಾಸಿಡೋನಿಯದ ಅರಮನೆಗೆ ದೂರದ ಸುದ್ದಿಯಾಗಿರಲಿಲ್ಲ.

ಈಗ ದಂಡಯಾತ್ರೆಯನ್ನೇ ನೋಡೋಣ. 334ರಲ್ಲಿ ಗ್ರಾನಿಕಸ್ ನದಿಯ ಕಾಳಗವಾದ ಮೇಲೆ ಸಾರ್ಡಿಸ್ ಕೋಟೆಯನ್ನೂ ಬೊಕ್ಕಸವನ್ನೂ ಮಿತ್ರಿನೀಸ್ ಎಂಬ ಪರ್ಷಿಯನ್ ಅಧಿಕಾರಿ ತಾನಾಗಿ ಒಪ್ಪಿಸಿದ. ಮುಂದೆ ಅವನಿಗೆ ಆರ್ಮೇನಿಯದ ಅಧಿಕಾರ ಸಿಕ್ಕಿತು. 332ರಲ್ಲಿ ಈಜಿಪ್ಟನ್ನು ಮಝಕೀಸ್ ಕಾದಾಡದೆ ಬಿಟ್ಟುಕೊಟ್ಟ. 331ರ ಅಕ್ಟೋಬರ್ 1ರಂದು ಗಾಗಮೇಲದಲ್ಲಿ ಪರ್ಷಿಯದ ಅರಸ ಮೂರನೆಯ ಡೇರಿಯಸ್‌ನ ಬಲಭಾಗದ ದಳವನ್ನು ನಡೆಸಿದ ಮಝಯಸ್ ಕೆಲವೇ ವಾರಗಳಲ್ಲಿ ಬ್ಯಾಬಿಲಾನ್ ನಗರವನ್ನು ಅಲೆಕ್ಸಾಂಡರನಿಗೆ ಒಪ್ಪಿಸಿದ. ಅಲೆಕ್ಸಾಂಡರ್ ಅವನನ್ನೇ ಬ್ಯಾಬಿಲಾನಿನ ಕ್ಷತ್ರಪನಾಗಿ ಉಳಿಸಿದ, ಅವನ ಹೆಸರಿನ ನಾಣ್ಯ ಟಂಕಿಸಲೂ ಬಿಟ್ಟ. ಸೂಸಾದಲ್ಲಿ ಅಬುಲಿಟೀಸ್ ಬಾಗಿಲು ತೆರೆದ, ಕ್ಷತ್ರಪನಾಗಿ ಉಳಿದ. ಪರ್ಸೆಪೊಲಿಸ್‌ನ ಬೊಕ್ಕಸದ ಕಾವಲಿಗಿದ್ದ ತಿರಿದಾತ ಬೇಗ ಬನ್ನಿ ಎಂದು ಹೇಳಿಕಳಿಸಿದ. ಸೂಸಾದಲ್ಲಿ 40,000, ಪರ್ಸೆಪೊಲಿಸ್‌ನಲ್ಲಿ 1,20,000 ಟ್ಯಾಲೆಂಟ್ ಬೆಲೆಯ ಬೆಳ್ಳಿ, ಬಂಗಾರ ಸಿಕ್ಕಿತೆಂದು ಡಿಯೊಡೋರಸ್ ಲೆಕ್ಕ ಕೊಡುತ್ತಾನೆ. ಅಂಕಿ ತುಸು ಉಬ್ಬಿರಬಹುದು, ಆದರೆ ಸಾಲ ಹೊತ್ತು ಹೊರಟ ದಂಡಿಗೆ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಿಲ್ಲ. ಕೊಳೆತ ರಾಜ್ಯದ ಬೊಕ್ಕಸ ಹೀಗೆ ತುಂಬಿರುವುದಿಲ್ಲ, ಅದರ ದಾರಿಗಳು ದಂಡನ್ನು ಹೀಗೆ ಹೊರುವುದಿಲ್ಲ, ಅದರ ಅಧಿಕಾರಿಗಳಿಗೆ ಹೊಸ ಯಜಮಾನನಿಗೆ ಒಪ್ಪಿಸುವಂಥದು ಏನೂ ಉಳಿದಿರುವುದಿಲ್ಲ.

ಅಧಿಕಾರಿಗಳು ಹೀಗೆ ಪಕ್ಷ ಬದಲಿಸಿದ್ದೇ ರಾಜ್ಯ ಟೊಳ್ಳಾಗಿತ್ತು ಎಂಬುದಕ್ಕೆ ಸಾಕ್ಷಿಯಲ್ಲವೆ ಎಂದು ಕೇಳಬಹುದು. ಬಲವಾದ ಆಕ್ಷೇಪ ಇದು. ಆದರೆ ಇವರು ಪಕ್ಷ ಬದಲಿಸಿದ್ದು ಯಾವಾಗ ಎಂಬುದನ್ನು ಗಮನಿಸಬೇಕು. ಬ್ಯಾಬಿಲಾನಿನ ಜ್ಯೋತಿಷಿಗಳು ದಿನದಿನದ ಆಕಾಶ ಸ್ಥಿತಿ, ದವಸದ ಬೆಲೆ, ನದಿಯ ಮಟ್ಟ, ರಾಜ್ಯದ ಸುದ್ದಿ ಎಲ್ಲವನ್ನೂ ಮಣ್ಣಿನ ಹಲಗೆಯ ಮೇಲೆ ಬರೆದಿಡುತ್ತಿದ್ದರು. ಅವರ ದಿನಚರಿಯ ಒಂದು ತುಣುಕಿನಲ್ಲಿ ಗಾಗಮೇಲ ಯುದ್ಧದ ವರದಿ ಇದೆ. ಕದನಕ್ಕೆ ಹನ್ನೊಂದು ದಿನ ಮೊದಲು ಚಂದ್ರಗ್ರಹಣ. ಅದೇ ತಿಂಗಳು ಅರಸನ ಪಾಳೆಯದಲ್ಲಿ ಭೀತಿ. ಕದನದ ದಿನ ದಂಡು ಅರಸನನ್ನು ಬಿಟ್ಟು ಚದುರಿತು, ಅರಸ ಬೆಟ್ಟದ ನಾಡಿಗೆ ಓಡಿದ. ಕೆಲವು ಸಾಲುಗಳ ಮೇಲೆ ಬ್ಯಾಬಿಲಾನನ್ನು ಪ್ರವೇಶಿಸುವ ಅಲೆಕ್ಸಾಂಡರನಿಗೆ ಜಗತ್ತಿನ ಅರಸ ಎಂಬ ಬಿರುದು ಸೇರಿಕೊಂಡಿದೆ. ದಿನಚರಿ ಬರೆಯುವುದು ನಿಲ್ಲಲಿಲ್ಲ. ಈ ದಾಖಲೆ ಆ ಕದನದ ಬಗ್ಗೆ ಉಳಿದಿರುವ ಯಾವ ಗ್ರೀಕ್ ಗ್ರಂಥಕ್ಕಿಂತಲೂ ಹಳೆಯದು, ಘಟನೆಯ ಬೆನ್ನಿಗೇ ಬರೆದದ್ದು. ಮುರಿದದ್ದು ಅರಸನ ದಂಡು. ನಗರ, ದೇಗುಲ, ಕಚೇರಿ ಮುರಿಯಲಿಲ್ಲ. ಮಝಯಸ್ ಕಾದಾಡಿ, ಅರಸ ಓಡಿಹೋದ ಮೇಲೆ, ತನ್ನ ಕೈಯಲ್ಲಿದ್ದ ನಗರವನ್ನು ಉಳಿಸಿಕೊಳ್ಳುವ ದಾರಿ ನೋಡಿದ. ಎರಡು ಶತಮಾನಗಳ ಹಿಂದೆ, 539ರಲ್ಲಿ, ಇದೇ ಬ್ಯಾಬಿಲಾನ್ ಪರ್ಷಿಯನ್ ಸಾಮ್ರಾಜ್ಯ ಕಟ್ಟಿದ ಸೈರಸ್‌ನಿಗೂ ಹೀಗೆಯೇ ಬಾಗಿಲು ತೆರೆದಿತ್ತು. ಆಗ ಅದನ್ನು ಯಾರೂ ಪೂರ್ವದ ಅವನತಿ ಎಂದು ಕರೆದಿಲ್ಲ.

ಎಲ್ಲರೂ ಮಣಿದರು ಎಂದೂ ನಾನು ಹೇಳುತ್ತಿಲ್ಲ. ಟೈರ್ ದ್ವೀಪನಗರ ಏಳು ತಿಂಗಳು ಮುತ್ತಿಗೆಯನ್ನು ತಡೆದು ನಿಂತಿತು, ಗಾಝಾ ತಡೆಯಿತು, ಪರ್ಸೆಪೊಲಿಸ್‌ಗೆ ಹೋಗುವ ಕಣಿವೆಯಲ್ಲಿ ಅರಿಯೊಬರ್ಝನೀಸ್ ದಂಡನ್ನು ಹಿಮ್ಮೆಟ್ಟಿಸಿದ. ಅಲೆಕ್ಸಾಂಡರನ ಸೇನಾ ಕೌಶಲವನ್ನೂ ನಾನು ಅಲ್ಲಗಳೆಯುವುದಿಲ್ಲ. ಫಿಲಿಪ್ ಕಟ್ಟಿದ, ಉದ್ದನೆಯ ಸರಿಸ್ಸ ಈಟಿ ಹಿಡಿದ ಕಾಲ್ದಳ, ಅದರ ಪಕ್ಕದಿಂದ ನುಗ್ಗುವ ರಾವುತರು, ಮುತ್ತಿಗೆಯ ಯಂತ್ರಗಳು ಇವುಗಳ ಮುಂದೆ ಪರ್ಷಿಯದ ಸೇನೆ ಬಯಲಿನ ಮೂರು ಕದನಗಳಲ್ಲೂ ನಿಲ್ಲಲಿಲ್ಲ. ಆದರೆ ಕದನ ಗೆಲ್ಲುವುದು ಬೇರೆ, ದೇಶ ಹಿಡಿಯುವುದು ಬೇರೆ. ಇದನ್ನು ತೋರಿಸುವುದು ದಂಡಯಾತ್ರೆಯ ಎರಡನೆಯ ಅರ್ಧ. ಗ್ರಾನಿಕಸ್‌ನಿಂದ ಪರ್ಸೆಪೊಲಿಸ್‌ವರೆಗೆ ನಾಲ್ಕು ವರ್ಷಕ್ಕಿಂತ ಕಡಿಮೆ ಸಾಕಾದವನಿಗೆ ಬ್ಯಾಕ್ಟ್ರಿಯ ಮತ್ತು ಸೊಗ್ಡಿಯಾನ ಎರಡನ್ನು ಹದಕ್ಕೆ ತರಲು 329ರಿಂದ 327ರವರೆಗೆ ಹೆಣಗಬೇಕಾಯಿತು. ಸ್ಪಿತಮೆನೀಸ್ ಎಂಬ ಸ್ಥಳೀಯ ನಾಯಕ ಝರಫ್‌ಶಾನ್ ನದಿಯ ದಡದಲ್ಲಿ ಮ್ಯಾಸಿಡೋನಿಯನ್ನರ ಒಂದು ಪಡೆಯನ್ನೇ ಅಳಿಸಿಹಾಕಿದ. ಅಲ್ಲಿ ಒಬ್ಬ ಅಧಿಕಾರಿ ಬೀಗದಕೈ ಒಪ್ಪಿಸಿದರೆ ಮುಗಿಯುವಂತಿರಲಿಲ್ಲ. ಗುಡ್ಡಗುಡ್ಡದ ಮೇಲೂ ಒಬ್ಬೊಬ್ಬ ನಾಯಕನಿದ್ದ. ಪಂಜಾಬಿನಲ್ಲಿ ಪುರೂರವನೆಂದು ನಾವು ಕರೆಯುವ ಪೋರಸ್‌ನನ್ನು 326ರಲ್ಲಿ ಗೆದ್ದರೂ ಅವನಿಗೇ ರಾಜ್ಯವನ್ನು ಮರಳಿ ಕೊಡಬೇಕಾಯಿತು, ಬಿಯಾಸ್ ನದಿಯ ದಂಡೆಯಲ್ಲಿ ದಂಡು ಮುಂದೆ ಹೆಜ್ಜೆ ಇಡಲಿಲ್ಲ. ಮರಳುವಾಗ ದಾರಿಯೂ ಉಗ್ರಾಣವೂ ಇಲ್ಲದ ಗೆಡ್ರೋಸಿಯದ ಮರುಭೂಮಿಯಲ್ಲಿ, ಇಂದಿನ ಮಕರಾನ್ ಸೀಮೆಯಲ್ಲಿ, ಹಸಿವು ಬಾಯಾರಿಕೆಗಳಿಗೆ ಸಿಕ್ಕಿ ಅವನ ದಂಡು ನರಳಿತು. ಪರ್ಷಿಯದ ವ್ಯವಸ್ಥೆ ಗಟ್ಟಿಯಾಗಿದ್ದ ಕಡೆ ವೇಗ, ಅದು ಸಡಿಲವಾದ ಕಡೆ ತೊಡಕು. ಕೊಳೆತ ಸಾಮ್ರಾಜ್ಯ ಎಂಬ ವಾದ ಈ ನಕ್ಷೆಯನ್ನು ವಿವರಿಸಲಾರದು.

ಅಲೆಕ್ಸಾಂಡರ್ ಗೆದ್ದ ಮೇಲೆ ಏನಾಯಿತು ಎಂಬುದಕ್ಕೆ ಅಫಘಾನಿಸ್ತಾನದ ಕಡೆಯಿಂದ ಬಂದು ಈಗ ಲಂಡನ್ನಿನ ಒಂದು ಸಂಗ್ರಹದಲ್ಲಿರುವ ಅರಮಾಯಿಕ್ ಪತ್ರಗಳು ಮಾತಾಡುತ್ತವೆ. ಚರ್ಮದ ಮೇಲೂ ಮರದ ಕಡ್ಡಿಗಳ ಮೇಲೂ ಬರೆದ ಬ್ಯಾಕ್ಟ್ರಿಯದ ಕಚೇರಿಯ ಕಾಗದಗಳು ಅವು, 2012ರಲ್ಲಿ ಪ್ರಕಟವಾದವು. ಅಖ್ವಮಝ್ದ ಎಂಬ ಮೇಲಧಿಕಾರಿ ಬಗವಂತ ಎಂಬ ಕೆಳ ಅಧಿಕಾರಿಗೆ ಬರೆದ ಆಜ್ಞೆ, ಛೀಮಾರಿಗಳು ಅವುಗಳಲ್ಲಿವೆ. ಡೇರಿಯಸ್‌ನನ್ನು ಕೊಂದು ತಾನೇ ಅರಸನೆಂದು ಸಾರಿಕೊಂಡ ಬೆಸ್ಸಸ್‌ನದೆಂದು ವಿದ್ವಾಂಸರು ಗುರುತಿಸುವ ಪ್ರಯಾಣವೊಂದರ ಸರಂಜಾಮಿನ ಪಟ್ಟಿಯೂ ಇದೆ. ಅದೇ ಗುಂಪಿನಲ್ಲಿ ಜವೆ ವಿತರಣೆಯ ಇನ್ನೊಂದು ಪಟ್ಟಿ. ಅದರ ಕಾಲ ಅರಸ ಅಲೆಕ್ಸಾಂಡರನ ಏಳನೆಯ ವರ್ಷ, ಎಂದರೆ ಕ್ರಿ.ಪೂ. 324. ಅದೇ ಭಾಷೆ, ಅದೇ ಲಿಪಿ, ಅದೇ ಬಗೆಯ ಲೆಕ್ಕ. ಅರಸನ ಹೆಸರೊಂದು ಬದಲಾಗಿದೆ.

ಅಲೆಕ್ಸಾಂಡರನ ನಡೆಯೂ ಇದಕ್ಕೆ ತಕ್ಕಂತೆಯೇ ಇತ್ತು. 330ರಿಂದ ಅವನು ಪರ್ಷಿಯದ ಅರಸರ ಉಡುಪಿನ ಭಾಗಗಳನ್ನು ತೊಟ್ಟ, ಡೇರಿಯಸ್‌ನ ಶವಕ್ಕೆ ರಾಜಮರ್ಯಾದೆಯ ಸಂಸ್ಕಾರ ಮಾಡಿಸಿದ, ಸೈರಸ್‌ನ ಸಮಾಧಿ ಕೊಳ್ಳೆಯಾದದ್ದನ್ನು ಕಂಡು ದುರಸ್ತಿಗೆ ಆಜ್ಞೆ ಮಾಡಿದ, 324ರಲ್ಲಿ ಸೂಸಾದಲ್ಲಿ ತಾನೂ ತನ್ನ ಎಂಬತ್ತಕ್ಕೆ ಸಮೀಪದ ಸರದಾರರೂ ಪರ್ಷಿಯನ್ ಕುಲೀನ ಮನೆತನಗಳ ಹೆಣ್ಣುಗಳನ್ನು ಆ ನಾಡಿನ ಪದ್ಧತಿಯಂತೆಯೇ ಮದುವೆಯಾದರು. ಮ್ಯಾಸಿಡೋನಿಯನ್ ಶಿಕ್ಷಣ ಪಡೆದ 30,000 ಪೂರ್ವದ ತರುಣರನ್ನು ಸೇನೆಗೆ ತಂದಾಗ ಓಪಿಸ್‌ನಲ್ಲಿ ಅವನ ಹಳೆಯ ಸೈನಿಕರು ದಂಗೆಯೆದ್ದರು. ಬ್ರಿಟಿಷ್ ವಿದ್ವಾಂಸ ಡಬ್ಲ್ಯು. ಡಬ್ಲ್ಯು. ಟಾರ್ನ್ 1933ರಲ್ಲಿ ಇದರಲ್ಲಿ ಮಾನವಕುಲದ ಐಕ್ಯದ ಕನಸನ್ನು ಕಂಡರು. ಅರ್ನ್ಸ್ಟ್ ಬೇಡಿಯನ್ 1958ರಲ್ಲಿ ಆ ಕನಸಿಗೆ ಆಧಾರವಿಲ್ಲವೆಂದು ತೋರಿಸಿದರು. ನಾನು ಬೇಡಿಯನ್ ಅವರ ಪಕ್ಷ. ಇದು ಐಕ್ಯದ ದರ್ಶನವಲ್ಲ. ದೊಡ್ಡ ರಾಜ್ಯವನ್ನು ನಡೆಸಬೇಕಾದವನು, ಅದನ್ನು ನಡೆಸಬಲ್ಲ ಜನರನ್ನೂ ರಿವಾಜನ್ನೂ ಹಿಡಿದುಕೊಂಡದ್ದು. ಫ್ರೆಂಚ್ ಇತಿಹಾಸಕಾರ ಪಿಯರ್ ಬ್ರಿಯಾನ್ ಅವನನ್ನು ಆ ಪರ್ಷಿಯನ್ ಅರಸರ ಸಾಲಿನ ಕೊನೆಯವನೆಂದು ಎಣಿಸಿದ್ದಾರೆ, ಆ ಎಣಿಕೆಯಲ್ಲಿ ತಿರುಳಿದೆ.

ಗ್ರೀಕ್ ಸಂಸ್ಕೃತಿ ಏಷ್ಯಾದಲ್ಲಿ ಹರಡಿದ್ದು ಸುಳ್ಳೆ ಎಂದು ಕೇಳಿದರೆ, ಖಂಡಿತ ಸುಳ್ಳಲ್ಲ. ಅಮು ದರಿಯಾದ ದಂಡೆಯ ಐ ಖಾನುಮ್‌ನಲ್ಲಿ ರಂಗಮಂದಿರ, ವ್ಯಾಯಾಮಶಾಲೆ, ಗ್ರೀಕ್ ನೀತಿವಾಕ್ಯಗಳ ಶಾಸನ ಎಲ್ಲ ಸಿಕ್ಕಿವೆ. ಆದರೆ ಅದೇ ಊರಿನ ಮುಖ್ಯ ದೇಗುಲದ ವಿನ್ಯಾಸ ಗ್ರೀಕರದಲ್ಲ, ಅರಮನೆಯ ಅಂಗಳಗಳಲ್ಲಿ ಪರ್ಷಿಯದ ಗುರುತು ಇದೆ. ಈ ನಾಡುಗಳನ್ನು ಮುಂದೆ ಆಳಿದ ಅಲೆಕ್ಸಾಂಡರನ ಸರದಾರ ಸೆಲ್ಯೂಕಸ್, ಸೂಸಾದಲ್ಲಿ ಕೈಹಿಡಿದ ಅಪಮಳನ್ನು ಬಿಡಲಿಲ್ಲ. ಅವಳು ಅಲೆಕ್ಸಾಂಡರನನ್ನು ಕಾಡಿದ ಸ್ಪಿತಮೆನೀಸ್‌ನ ಮಗಳು. ಸೆಲ್ಯೂಕಸ್ ವಂಶ ಬೆಳೆದದ್ದು ಅವಳ ಹೊಟ್ಟೆಯಿಂದ. ಗ್ರೀಕ್ ಹರಡಿತು, ಆದರೆ ಹಳೆಯ ದಾರಿಗಳ ಮೇಲೆ.

ಹಾಗೆಂದು ಒಬ್ಬ ವೀರನನ್ನು ಇಳಿಸಿ ಇನ್ನೊಬ್ಬನನ್ನು ಪೀಠಕ್ಕೇರಿಸುವುದು ನನ್ನ ಉದ್ದೇಶವಲ್ಲ. ಬೆಹಿಸ್ತೂನ್ ಬಂಡೆಯ ಮೇಲೆ ಮೊದಲನೆಯ ಡೇರಿಯಸ್ ತನ್ನ ಶತ್ರುಗಳ ಮೂಗು, ಕಿವಿ ಕತ್ತರಿಸಿದ್ದನ್ನು, ಶೂಲಕ್ಕೇರಿಸಿದ್ದನ್ನು ತಾನೇ ಹೇಳಿಕೊಂಡಿದ್ದಾನೆ. 490ರಲ್ಲಿ ಎರೆಟ್ರಿಯ ನಗರದ ಜನರನ್ನು ಹಿಡಿದು ಸೂಸಾದ ಕಡೆಗೆ ಸಾಗಿಸಲಾಯಿತು. ಈಜಿಪ್ಟ್ ಈ ಆಳ್ವಿಕೆಯನ್ನು ಕೊಡವಿಕೊಂಡು ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಸ್ವತಂತ್ರವಾಗಿತ್ತು. 1879ರಲ್ಲಿ ದೊರೆತ ಸೈರಸ್‌ನ ಮಣ್ಣಿನ ಉರುಳೆಯನ್ನು 1971ರಲ್ಲಿ ಇರಾನಿನ ಶಾ ಸರ್ಕಾರ ಮಾನವ ಹಕ್ಕುಗಳ ಮೊದಲ ಸನದು ಎಂದು ಪ್ರಚಾರ ಮಾಡಿ ಅದರ ಪ್ರತಿಯನ್ನು ವಿಶ್ವಸಂಸ್ಥೆಗೆ ಕೊಟ್ಟಿತು. ಬ್ಯಾಬಿಲಾನಿನಲ್ಲಿ ಹೊಸ ಅರಸರು ಗೋಡೆಯ ಬುನಾದಿಯಲ್ಲಿ ಇಡಿಸುತ್ತಿದ್ದ ಬಗೆಯ ಬರಹ ಅದು, ಗೆದ್ದವನ ಆತ್ಮಸ್ತುತಿ. ಇರಾನಿನ ನೆನಪೂ ಒಂದೇ ತೆರನಾಗಿಲ್ಲ. ಝರತುಷ್ಟ್ರ ಮತದ ಮಧ್ಯಕಾಲೀನ ಗ್ರಂಥಗಳಿಗೆ ಅಲೆಕ್ಸಾಂಡರ್ ಪವಿತ್ರ ಗ್ರಂಥಗಳನ್ನು ಸುಟ್ಟ ಶಾಪಗ್ರಸ್ತ; ಫಿರ್ದೌಸಿಯ ಶಾಹನಾಮೆಯಲ್ಲಿ ಅದೇ ಇಸ್ಕಂದರ್ ಪರ್ಷಿಯದ ಅರಸನ ಮಗ, ಎದುರಾಳಿ ದಾರಾನಿಗೆ ಮಲಸೋದರ.

ಕೊನೆಯದಾಗಿ ನಮ್ಮ ನೆಲದ ಒಂದು ಸಾಕ್ಷ್ಯ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನಗಳು ಬ್ರಾಹ್ಮಿಯಲ್ಲಿವೆ. ಆದರೆ ಅವುಗಳ ತುದಿಯಲ್ಲಿ ಚಪಡ ಎಂಬ ಲಿಪಿಕಾರ ತನ್ನ ಕಸುಬಿನ ಹೆಸರನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ, ಕೊರೆದಿದ್ದಾನೆ. ಖರೋಷ್ಠಿ ಗಾಂಧಾರದ ಲಿಪಿ, ಪರ್ಷಿಯನ್ ಕಚೇರಿಗಳ ಅರಮಾಯಿಕ್ ಬರಹದಿಂದ ಹುಟ್ಟಿದ್ದು. ಅಶೋಕನೇ ಕಂದಹಾರದಲ್ಲಿ ಗ್ರೀಕ್ ಮತ್ತು ಅರಮಾಯಿಕ್ ಎರಡರಲ್ಲೂ ತನ್ನ ಧರ್ಮಾಜ್ಞೆ ಬರೆಸಿದ. ಡೇರಿಯಸ್‌ನ ಸಾಮ್ರಾಜ್ಯ ಅಳಿದು ಏಳು ದಶಕಗಳಾದ ಮೇಲೂ ಅಲ್ಲಿ ಅರಮಾಯಿಕ್ ಓದುವವರಿದ್ದರು ಎಂದಾಯಿತು. ಅಲೆಕ್ಸಾಂಡರ್ ಕರ್ನಾಟಕದ ಹತ್ತಿರಕ್ಕೂ ಬರಲಿಲ್ಲ. ಆದರೆ ಪರ್ಷಿಯದ ಗುಮಾಸ್ತರ ಬರವಣಿಗೆಯ ಒಂದು ಎಳೆ ಚಿತ್ರದುರ್ಗದ ಬಂಡೆಗಳವರೆಗೆ ಬಂದಿದೆ.

ಆದ್ದರಿಂದ ಇತಿಹಾಸದ ಅಧ್ಯಾಪಕರಲ್ಲೂ ವಿದ್ಯಾರ್ಥಿಗಳಲ್ಲೂ ನನ್ನ ಕೋರಿಕೆ ಒಂದೇ. ಅಲೆಕ್ಸಾಂಡರನ ಪಾಠ ಮಾಡುವ ದಿನ ಪ್ಲುಟಾರ್ಕ್, ಏರಿಯನ್‌ರ ಜತೆಗೆ ಪರ್ಸೆಪೊಲಿಸ್‌ನ ಉಗ್ರಾಣದ ಲೆಕ್ಕ, ಬ್ಯಾಬಿಲಾನಿನ ದಿನಚರಿ, ಬ್ಯಾಕ್ಟ್ರಿಯದ ಕಾಗದಗಳನ್ನೂ ತರಗತಿಗೆ ತನ್ನಿ. ಬೆಹಿಸ್ತೂನ್ ಮತ್ತು ಸೂಸಾ ಶಾಸನಗಳು ಟಿಪ್ಪಣಿ ಸಮೇತ ಒಳ್ಳೆಯ ಕನ್ನಡದಲ್ಲಿ ಪ್ರತಿ ಕಾಲೇಜಿನ ಗ್ರಂಥಾಲಯದಲ್ಲೂ ಇರುವಂತಾಗಲಿ. ಶಾಸನ ಓದುವ ಪರಂಪರೆ ನಮ್ಮಲ್ಲಿ ಬಲವಾಗಿದೆ. ಆ ಕಣ್ಣಿನಿಂದ ಪರ್ಷಿಯವನ್ನೂ ಓದುವ ಕೆಲಸವನ್ನು ಈ ಸಭೆಯಲ್ಲಿರುವ ತರುಣರು ಕೈಗೆತ್ತಿಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.